ಸೆರಗು ಸಿಕ್ಕಿಸಿ ಗಾಲ್ಫ್

ದೈಹಿಕ ಶಿಕ್ಷಕಿಯಾಗಿ ನಾನು ಆಟ ಕಲಿಸಿದ್ದಕ್ಕಿಂತ ಆಟದ ಅವಧಿಗಳನ್ನು ದಾನ ಮಾಡಿದ್ದೇ ಹೆಚ್ಚು. ಚನ್ನಗಿರಿಯಲ್ಲಿದ್ದಾಗ ಗಣಿತದವರು ಬಂದು, "ಮೇಡಂ, ಪೋರ್ಷನ್ ಉಳ್ದೈತೆ, ಇವತ್ತೊಂದಿನ ನಿಮ್ಮ ಕ್ಲಾಸು ಕೊಡ್ರಿ" ಅನ್ನುತ್ತಿದ್ದರು. ಕೊಡುತ್ತಿದ್ದೆ. ಆ ಒಂದು ದಿನ ಮಾರ್ಚ್ ತನಕ ಮುಗಿಯುತ್ತಿರಲಿಲ್ಲ. ಹೊನ್ನಾಳಿಗೆ ವರ್ಗವಾಯಿತು, ಅಲ್ಲಿ ವಿಜ್ಞಾನದವರು. ನ್ಯಾಮತಿಯಲ್ಲಿ ಇಂಗ್ಲಿಷಿನವರು ಕೇಳುವ ಸೌಜನ್ಯವನ್ನೂ ಬಿಟ್ಟು ಸೀದಾ ತರಗತಿಗೆ ಹೋಗಿಬಿಡುತ್ತಿದ್ದರು. ನಾನು ಕೊರಳಲ್ಲಿ ಶೀಟಿ ತೂಗಿಸಿಕೊಂಡು ಖಾಲಿ ಮೈದಾನದಲ್ಲಿ ನಿಂತಿರುತ್ತಿದ್ದೆ. ಹಾಗೆ ನಿಂತು ನಿಂತೇ ನನಗೆ ಮೈ ಬಂತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸಂತೇಬೆನ್ನೂರಿನ ತವರಿನಿಂದ ಡಬ್ಬಿಗಟ್ಟಲೆ ಬರುವ ಕರಜೀಕಾಯಿಯ ಸುದ್ದಿ ಎತ್ತುವುದಿಲ್ಲ.

ಕೊನೆಯದಾಗಿ ಜಗಳೂರು ತಾಲ್ಲೂಕಿಗೆ ಬಂದೆ, ಬಿಳಿಚೋಡಿನಿಂದ ಒಳಕ್ಕೆ ಹೋದರೆ ಸಿಗುವ ಹಳ್ಳಿಯೊಂದರ ಪ್ರೌಢಶಾಲೆಗೆ. ನಿವೃತ್ತಿ ಹತ್ತಿರವಾಗಿತ್ತು. ಒಂದು ವರ್ಷವಾದರೂ ಆಟದ ಅವಧಿಯಲ್ಲಿ ಆಟವನ್ನೇ ಆಡಿಸಿ ಮನೆಗೆ ಹೋಗಬೇಕು ಎಂಬ ಹಟ ಅಲ್ಲಿ ಹುಟ್ಟಿತು. ಹಟ ಹುಟ್ಟಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಹೆಡ್‌ಮಾಸ್ತರರು ಕರೆಸಿದರು.

"ಮೇಡಂ, ಒಂಬತ್ತನೇ ಕ್ಲಾಸಿನ ಹುಡುಗೀರಿಗೆ ಲೆಕ್ಕ ತಲೆಗೆ ಹತ್ತಲ್ಲ. ವಾರದಾಗೆ ಎರಡು ಆಟದ ಕ್ಲಾಸು ಅದಾವಲ್ಲ, ಮಂಗಳವಾರದ್ದು, ಶುಕ್ರವಾರದ್ದು, ಎರಡೂ ಗಣಿತಕ್ಕೆ ಬಿಟ್ಟುಕೊಡ್ರಿ."

"ಕೊಡಲ್ಲ ಸಾರ್" ಅಂದೆ.

ಹೇಳಿದ್ದು ನಾನೇ ಎಂದು ನನಗೇ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಮಾತು ಹೊಟ್ಟೆಯಿಂದ ಬಂದಿತ್ತು. ಗಂಡುಹುಡುಗರಿಗೆ ಆಟದ ಅವಧಿ ಹೋದರೆ ಬೀದಿ ಇದೆ, ಕೆರೆಯಂಗಳ ಇದೆ, ಸಂಜೆ ಇದೆ. ಈ ಹುಡುಗಿಯರು ಮನೆಗೆ ಹೋದರೆ ಬಿಂದಿಗೆ, ಪಾತ್ರೆ, ಕುರಿ, ತಮ್ಮಂದಿರು. ಕಾರಣವಿಲ್ಲದೆ ಓಡಿ, ಕಾರಣವಿಲ್ಲದೆ ಕೂಗಲು ಅವರಿಗೆ ಇರುವುದು ಈ ಎರಡು ಅವಧಿಗಳು ಮಾತ್ರ. ಅವನ್ನೂ ಸೂತ್ರಗಳಿಗೆ ಬಲಿ ಕೊಡುತ್ತಾರೆ ಅಂದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಶಕುನ ನೋಡದೆ ಪೆನ್ನಿನ ಮುಚ್ಚಳವನ್ನೂ ತೆಗೆಯದ ದೈವಭಕ್ತರು. ಸ್ವಲ್ಪ ಯೋಚಿಸಿ ಮೂಲೆಯಲ್ಲಿದ್ದ ಉದ್ದನೆಯ ಪೆಟ್ಟಿಗೆ ತೋರಿಸಿದರು. ಹಳ್ಳಿ ಶಾಲೆಗಳಿಗೆ ಹೊಸ ಆಟ ಪರಿಚಯಿಸುವ ಉತ್ಸಾಹದಲ್ಲಿ ಯಾರೋ ದಾನಿಗಳು ಕಳಿಸಿದ್ದರು. ಒಳಗೆ ಕಬ್ಬಿಣದ ತಲೆಯ ಉದ್ದುದ್ದ ಕೋಲುಗಳು, ಒಂದು ಚೀಲ ಮೆತ್ತನೆಯ ಚೆಂಡು. ಬೋರ್‌ವೆಲ್ ರಿಪೇರಿ ಸಾಮಾನಿರಬೇಕೆಂದು ನಮ್ಮ ಜವಾನ ಅದನ್ನು ಮೊದಲು ಪಂಪ್‌ಹೌಸಿನಲ್ಲಿಟ್ಟಿದ್ದನಂತೆ.

"ಇದು ಗಾಲ್ಫ್ ಅಂತೆ ಮೇಡಂ. ಇದರ ಉದ್ಘಾಟನೆಗೆ ಶಿಕ್ಷಣ ಇಲಾಖೆ ಸಾಹೇಬ್ರು ಬರ್ತಾರೆ. ಅವತ್ತು ಹುಡುಗೀರು ಚೆಂದಾಗಿ ಆಡಿ ತೋರಿಸಿದ್ರೆ ಆಟದ ಕ್ಲಾಸು ನಿಮ್ದು. ಇಲ್ಲಾಂದ್ರೆ ಗಣಿತಕ್ಕೆ. ಒಪ್ಪಿಗೆ ಏನ್ರಿ?"

ಒಪ್ಪಿಕೊಂಡೆ. ಗಾಲ್ಫ್ ಬಗ್ಗೆ ಆಗ ನನಗೆ ಗೊತ್ತಿದ್ದುದು ಅದನ್ನು ಶ್ರೀಮಂತರು ಹುಲ್ಲಿನ ಮೇಲೆ ಆಡುತ್ತಾರೆ ಎಂಬುದಷ್ಟೇ. ನಮ್ಮಲ್ಲಿ ಎರಡೂ ಇರಲಿಲ್ಲ. ಮೈದಾನದಲ್ಲಿ ಹುಲ್ಲು ಹುಟ್ಟಿದರೆ ಸಂಜೆಯೊಳಗೆ ಊರ ಕುರಿಗಳು ತಿಂದು ಮುಗಿಸುತ್ತಿದ್ದವು.

ಪೆಟ್ಟಿಗೆಯ ಜೊತೆಗೆ ಶಿಕ್ಷಕರಿಗೆ ತರಬೇತಿಯೂ ಇತ್ತು, ಜಿಲ್ಲಾ ಕೇಂದ್ರದಲ್ಲಿ. ಹೇಳಿಕೊಡಲು ಬಂದ ತರುಣನಿಗೆ ನನ್ನ ಮಗನ ವಯಸ್ಸು. ಅವನ ಪ್ರಕಾರ ಗಾಲ್ಫ್ ಅಂದರೆ ಕೋಲು ಬೀಸುವ ಬಗೆ, ಅಷ್ಟೇ; ಬೀಸು ಸರಿಯಿದ್ದರೆ ಚೆಂಡು ತಾನಾಗಿ ಹೋಗುತ್ತದೆ. ಆ ಬೀಸನ್ನು ಅವನು ಕೋಳಿ ಕೊಯ್ದ ಹಾಗೆ ತುಂಡು ತುಂಡು ಮಾಡಿ ನಮ್ಮ ಮುಂದಿಟ್ಟ. ಹಿಡಿತ ಒಂದು ತುಂಡು, ನಿಲುವು ಒಂದು ತುಂಡು, ಕೋಲನ್ನು ಹಿಂದಕ್ಕೆ ಎತ್ತುವುದು, ಮೇಲೆ ಒಂದು ಕ್ಷಣ ತಡೆಯುವುದು, ಸೊಂಟ ತಿರುಗಿಸುತ್ತ ಇಳಿಸುವುದು, ಹೊಡೆದ ಮೇಲೂ ನಿಲ್ಲಿಸದೆ ಹೆಗಲಾಚೆ ಒಯ್ಯುವುದು. "ಮೊದಲು ಸೊಂಟ ತಿರುಗಲಿ ಮೇಡಂ, ಕೈ ಆಮೇಲೆ ಬರಲಿ" ಎಂದು ನನಗೆ ವಿಶೇಷವಾಗಿ ಹೇಳಿದ. ನನ್ನ ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ನಮ್ಮ ಟೈಲರಿಗೂ ಖಚಿತವಿಲ್ಲ. ಒಂದು ತುಂಡು ನೆನಪಿಟ್ಟುಕೊಂಡರೆ ಇನ್ನೊಂದು ಜಾರುತ್ತಿತ್ತು. ಕೋಲು ಮೇಲಿದ್ದಾಗ ಕಾಲು ಮರೆತು, ಕಾಲು ನೋಡಿಕೊಂಡಾಗ ಕೋಲು ಮರೆತು, ಕಡೆಗೆ ದಿಕ್ಕುಗಾಣದೆ ಬೀಸಿದೆ. ಕಷ್ಟ ಬಂದಾಗ ಶೀಟಿಯನ್ನು ಹಲ್ಲಲ್ಲಿ ಕಚ್ಚುವುದು ನನ್ನ ಅಭ್ಯಾಸ. ಬೀಸಿದ ರಭಸಕ್ಕೆ ಅದು "ಪೀ" ಎಂದು ಕೂಗಿತು. ಮೈದಾನದ ತುಂಬ ಇದ್ದವರೆಲ್ಲ ನನ್ನಂಥ ಪಿಟಿ ಶಿಕ್ಷಕರೇ. ಶೀಟಿ ಕೇಳಿದ್ದೇ ತಡ ಎಲ್ಲರೂ ಇದ್ದಲ್ಲೇ ನಿಂತುಬಿಟ್ಟರು. ನನ್ನ ಚೆಂಡೂ ನಿಂತೇ ಇತ್ತು.

ಹೊನ್ನಾಳಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಪಿಟಿ ಮೇಷ್ಟ್ರೂ ಅಲ್ಲಿಗೆ ಬಂದಿದ್ದರು. ಅವರದು ಬೇರೆಯೇ ಪಂಥ.

"ಆ ಹುಡುಗನ ಮಾತು ಕಟ್ಟಿಕೊಂಡು ಕೆಡಬೇಡ್ರಿ ಮೇಡಂ. ರೊಟ್ಟಿ ತಟ್ಟುವಾಗ ಮೊಣಕೈ ಎಷ್ಟು ಬಗ್ಗೈತೆ ಅಂತ ನೋಡ್ಕೋತೀರೇನು? ಸುಮ್ನೆ ಹೊಡೀರಿ. ಯೋಚ್ನೆ ಮಾಡಿದ್ರೆ ಎಲ್ಲಾ ಹಾಳಾಗ್ತೈತೆ."

ಹೇಳಿ, ಸುಮ್ಮನೆ ಹೊಡೆದರು. ಚೆಂಡು ಕಾಂಪೌಂಡ್ ದಾಟಿ ಆಚೆಯ ಕಬ್ಬಿನಹಾಲಿನ ಗಾಡಿಯ ಮೇಲೆ ಬಿತ್ತು.

"ಹೋಯ್ತೋ ಇಲ್ವೋ?"

"ಹೋಯ್ತು ಸಾರ್. ಆದ್ರೆ ಗುರಿ ಈ ಕಡೆ ಐತಲ್ಲ."

"ಮೊದ್ಲು ಹೋಗಾದು ಮುಖ್ಯ. ಎಲ್ಲಿಗೆ ಹೋಗಬೇಕು ಅನ್ನಾದನ್ನ ಆಮೇಲೆ ಕಲಿಯಾಕೆ ಬರ್ತೈತೆ."

ನಾನೂ ಯೋಚನೆ ಮಾಡದೆ ಹೊಡೆಯಲು ನಿಂತೆ. ಯೋಚಿಸಬಾರದು ಅಂದುಕೊಂಡ ಕೂಡಲೇ ಜಗಳೂರಿನ ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂಬುದರಿಂದ ಹಿಡಿದು ನಾದಿನಿ ಹೋದ ವರ್ಷ ಆಡಿದ ಮಾತಿನವರೆಗೆ ಸಕಲವೂ ನೆನಪಾಯಿತು. ನಾದಿನಿಯ ಮಾತಿನ ಸಿಟ್ಟಿಗೆ ಏಟು ಜೋರಾಗಿಯೇ ಬಿತ್ತು, ನೆಲಕ್ಕೆ. ಮೊಣಕೈವರೆಗೆ ಜುಂ ಎಂದಿತು.

ಮನೆಗೆ ಬಂದು ಮೊಬೈಲ್ ಹಿಡಿದೆ. ಅಲ್ಲಿ ಗಾಲ್ಫ್ ಗುರುಗಳಿಗೆ ಬರವಿಲ್ಲ. ತಲೆ ಅಲ್ಲಾಡಲೇಬಾರದು ಎಂದು ಒಬ್ಬ, ತಲೆಯನ್ನು ಬಿಗಿ ಹಿಡಿದರೆ ಸರ್ವನಾಶ ಎಂದು ಇನ್ನೊಬ್ಬ. ಎಡಗೈಯಿಂದ ಎಳೆಯಿರಿ ಎಂದು ಒಬ್ಬಾಕೆ, ಬಲಗೈಯಿಂದ ಎಸೆಯಿರಿ ಎಂದು ಅವಳ ಕೆಳಗಿನ ವಿಡಿಯೋದವಳು. ಶಾಲೆಯ ಪೆಟ್ಟಿಗೆಯಿಂದ ಒಂದು ಕೋಲು ತಂದು, ಒಬ್ಬೊಬ್ಬರ ಮಾತನ್ನೂ ಪಾಲಿಸಿ ಹಿತ್ತಿಲಲ್ಲಿ ಬೀಸಿದೆ. ನನ್ನ ಬೀಸನ್ನು ನಾನೇ ನೋಡಿಕೊಂಡರೆ ತಪ್ಪು ತಿಳಿಯುತ್ತದೆ ಎಂದು ಎಲ್ಲರೂ ಒಮ್ಮತದಿಂದ ಹೇಳಿದ್ದರಿಂದ ಮನೆಯವರ ಕೈಗೆ ಮೊಬೈಲ್ ಕೊಟ್ಟು ಹಿಂದಿನಿಂದ ವಿಡಿಯೋ ಮಾಡಿಸಿದೆ. ತಪ್ಪು ತಿಳಿಯಿತು. ಹಿಂದಿನಿಂದ ತೆಗೆಸಿದ್ದೇ ತಪ್ಪು.

"ಬೀಸಾದು ಆಮೇಲೆ, ಮೊದ್ಲು ಆ ಶೀಟಿ ಬಾಯಿಂದ ತೆಗಿ. ಬಸ್ಸು ರಿವರ್ಸ್ ಬರ್ತಿದೆಯೇನೋ ಅಂತ ಪಕ್ಕದ ಮನೆಯೋರು ಹೊರಗೆ ಬಂದಿದ್ರು" ಅಂದರು ಮನೆಯವರು.

ಇಷ್ಟೆಲ್ಲ ಆದರೂ ದಿನಾ ಬೀಸುತ್ತ ಬೀಸುತ್ತ ಕೋಲಿಗೂ ನನಗೂ ಒಂದು ಬಗೆಯ ಸಲಿಗೆ ಬಂತು. ಕೆಲವು ಸಲ ಚೆಂಡು ತಾಗುತ್ತಿತ್ತು. ತಾಗಿದಾಗ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಆ ಸುಖಕ್ಕೆ ಹಿತ್ತಿಲಿನ ದಾಸವಾಳದ ಗಿಡ ಹೋದರೂ ಹೋಗಲಿ ಎನ್ನಿಸಿತು. ಹೋಯಿತು ಕೂಡ.

ಶಾಲೆಯಲ್ಲಿ ಹುಡುಗಿಯರ ಮೇಲೆ ಮೊದಲು ಪ್ರಯೋಗಿಸಿದ್ದು ತುಂಡು ತುಂಡಾಗಿ ಕಲಿಸುವ ವಿಧಾನ. ಅದು ಹಾಳಾದದ್ದು ಅವರ ಜಾಣತನದಿಂದ. ಮುಂದಿನ ಕ್ಲಾಸಿಗೆ ಬರುವಷ್ಟರಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿಬಿಟ್ಟಿದ್ದರು. ಸಾಲಾಗಿ ನಿಂತು ಮಗ್ಗಿಯ ರಾಗದಲ್ಲಿ, "ಹಿಡಿತ, ನಿಲುವು, ಎತ್ತು, ತಡಿ, ತಿರುಗು, ಬೀಸು" ಎಂದು ಒಪ್ಪಿಸಿದರು. ಕೋಲು ಕೊಟ್ಟರೆ ಒಬ್ಬಳಿಗೂ ಚೆಂಡು ತಾಗಲಿಲ್ಲ. "ಇದಕ್ಕೆ ಎಷ್ಟು ಮಾರ್ಕ್ಸು, ಮಿಸ್?" ಎಂದು ಒಬ್ಬಳು ಕೇಳಿದಳು. ಆಮೇಲೆ ಹೊನ್ನಾಳಿ ಪಂಥ ಹಿಡಿದು, "ಸುಮ್ನೆ ಹೊಡೀರೇ" ಅಂದೆ. ಹೊಡೆದರು. ಮಣ್ಣಿನ ಹೆಂಟೆಗಳು ಹಾರಿದವು, ಕುರಿಗಳು ದಿಕ್ಕಾಪಾಲಾದವು, ಹೆಡ್‌ಮಾಸ್ತರರು ಕಿಟಕಿ ಮುಚ್ಚಿಕೊಂಡರು.

ಇನ್ನು ಉಳಿದದ್ದು, ನಾನು ಮಾಡುತ್ತೇನೆ, ನೀವು ನೋಡಿ ಕಲಿಯಿರಿ ಎಂಬುದು. ನಮ್ಮ ಅಜ್ಜಿಯಂದಿರು ಮುದ್ದೆ ಕಟ್ಟಲು ಕಲಿಸಿದ್ದು ಹಾಗೆಯೇ. ಏನೂ ಹೇಳದೆ ಬೀಸಿ ತೋರಿಸಿದೆ, ಮತ್ತೆ ಮತ್ತೆ. ಹುಡುಗಿಯರು ಕಣ್ಣು ಕೀಳದೆ ನೋಡಿದರು. ಒಂದೆರಡು ವಾರದಲ್ಲಿ ಪವಾಡವೇ ಆಯಿತು. ಚೆಂಡುಗಳು ಹಾರತೊಡಗಿದವು, ಬಹುಮಟ್ಟಿಗೆ ಗುರಿಯ ಕಡೆಗೇ. ನಾನು ಹಿಗ್ಗಿ ಹೀರೇಕಾಯಿಯಾದೆ. ಕಡೆಗೂ ಒಂದನ್ನು ಕಲಿಸಿದೆನಲ್ಲ ಎಂದು ಅವತ್ತು ಊಟಕ್ಕೆ ಒಂದು ಕರಜೀಕಾಯಿ ಹೆಚ್ಚಿಗೆ ತಿಂದೆ.

ಹಿಗ್ಗು ಇಳಿದ ಮೇಲೆ ಕಣ್ಣಿಗೆ ಬಿತ್ತು. ಬೀಸುವ ಮೊದಲು ಪ್ರತಿಯೊಬ್ಬ ಹುಡುಗಿಯೂ ಬಲಗೈಯನ್ನು ಬೆನ್ನ ಹಿಂದಕ್ಕೆ ಒಯ್ದು, ಏನನ್ನೋ ಎಳೆದು ಮುಂದಕ್ಕೆ ತಂದು, ಎಡಸೊಂಟಕ್ಕೆ ಒತ್ತಿ, ಮೇಲೊಂದು ತಟ್ಟು ತಟ್ಟಿ, ಆಮೇಲೆ ಕೋಲು ಹಿಡಿಯುತ್ತಿದ್ದಳು. ಹಾಕಿಕೊಂಡಿದ್ದು ಯೂನಿಫಾರ್ಮಿನ ಚೂಡಿದಾರ, ಅದರ ವೇಲು ಎರಡೂ ಹೆಗಲಿಗೆ ಪಿನ್ನು ಹಾಕಿ ಭದ್ರವಾಗಿತ್ತು. ಸೊಂಟದಲ್ಲಿ ಸಿಕ್ಕಿಸಲು ಏನೂ ಇರಲಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಬೇಗ ಕಲಿತವಳು ಕುರಿ ಸಾಕುವ ಮನೆಯ ಹುಡುಗಿ. ಹೊಲದ ಆ ಬದಿಯ ಕುರಿಯನ್ನು ಈ ಬದಿಯಿಂದ ಕೂಗಿ ಕರೆದು ರೂಢಿ; ಅವಳು ಗುಟ್ಟು ಹೇಳಿದರೂ ಆಫೀಸ್ ರೂಮಿಗೆ ಕೇಳಿಸುತ್ತದೆ. ಅವಳನ್ನೇ ಕರೆದೆ.

"ಏನೇ ಅದು, ಸೊಂಟದ ಹತ್ರ?"

"ನೀವು ಮಾಡ್ತೀರಲ್ಲ ಮಿಸ್, ಅದೇ!"

ನಾನು ಸೇವೆಯುದ್ದಕ್ಕೂ ಸೀರೆಯುಟ್ಟೇ ಪಿಟಿ ಮಾಡಿಸಿದವಳು. ಕೋಲು ಎತ್ತುವ ಮುಂಚೆ ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಹುಡುಗಿಯರು ನನ್ನ ಬೀಸನ್ನು ಕಲಿಯುವಾಗ ನನ್ನ ಸೆರಗನ್ನೂ ಕಲಿತಿದ್ದರು. ಅದೂ ಗಾಲ್ಫಿನದೇ ಒಂದು ಭಾಗ ಎಂದು ಅವರು ನಂಬಿದ್ದರು.

"ಅದು ಆಟದ್ದಲ್ಲವೇ ತಾಯಿ, ನನ್ನ ಸೀರೆದು! ಬಿಟ್ಟು ಹೊಡೀರಿ" ಅಂದೆ.

ಬಿಟ್ಟು ಹೊಡೆದರು. ಒಬ್ಬಳಿಗೂ ತಾಗಲಿಲ್ಲ. ಮತ್ತೆ ಬಿಟ್ಟು ಹೊಡೆದರು, ಕುರಿಗಳು ಮತ್ತೆ ಓಡಿದವು. "ನೋಡ್ರಿ ಮಿಸ್" ಎಂದು ಕುರಿಮನೆಯ ಹುಡುಗಿ ಇಲ್ಲದ ಸೆರಗನ್ನು ಸಿಕ್ಕಿಸಿ, ತಟ್ಟಿ, ಬೀಸಿದಳು. ಚೆಂಡು ಧ್ವಜಕಂಬದ ಆಚೆ ಬಿತ್ತು. ನನಗೆ ಸಿಟ್ಟು ಬಂತು, ಜೊತೆಗೆ ಹೆದರಿಕೆಯೂ. ದೊಡ್ಡ ಸಾಹೇಬರ ಎದುರು ಇಷ್ಟೂ ಜನ ಸಾಲಾಗಿ ಗಾಳಿಯಲ್ಲಿ ಸೆರಗು ಸಿಕ್ಕಿಸಿದರೆ ಅವರು ಬಿದ್ದು ಬಿದ್ದು ನಗುತ್ತಾರೆ, ಅವಧಿ ಗಣಿತಕ್ಕೆ ಹೋಗುತ್ತದೆ. ಇದಕ್ಕೆ ಮದ್ದು ಒಂದೇ ಎಂದು ತೀರ್ಮಾನಿಸಿದೆ. ನಾನೇ ಸೆರಗಿಲ್ಲದೆ ಬೀಸಿದರೆ ಅವರೂ ಬಿಡುತ್ತಾರೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಟ್ರ್ಯಾಕ್‌ಸೂಟ್ ಕೊಂಡೆ. ನೀಲಿ ಬಣ್ಣದ್ದು, ಪಕ್ಕದಲ್ಲಿ ಬಿಳಿ ಪಟ್ಟಿ. ಹಾಕಿಕೊಂಡು ಕನ್ನಡಿ ನೋಡಿದರೆ ಮಡಿಚಿಟ್ಟ ಶಾಮಿಯಾನದ ಹಾಗಿದ್ದೆ. ಹಿತ್ತಿಲಿಗೆ ಹೋಗಲು ನಾಚಿಕೆಯಾಗಿ ಅದರಲ್ಲಿ ಅಭ್ಯಾಸ ಮಾಡಲೇ ಇಲ್ಲ.

ಉದ್ಘಾಟನೆಯ ದಿನ ಹೆಡ್‌ಮಾಸ್ತರರು ಕೋಲುಗಳಿಗೆಲ್ಲ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಸುತ್ತಿ ಸಾಲಾಗಿ ಒರಗಿಸಿದ್ದರು. ಚೆಂಡು ಇಡುವ ಜಾಗದಲ್ಲಿ ಒಂದು ನಿಂಬೆಹಣ್ಣು ಕೂತಿತ್ತು.

"ಇದೇನ್ ಸಾರ್?"

"ಹೊಸ ಗಾಡಿ ತಂದ್ರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಲ್ವೇನ್ರಿ? ಹಂಗೇ ಇದೂ. ಮೊದಲ ಏಟು ನಿಮ್ದೇ. ಹಣ್ಣು ಒಡೀಬೇಕು. ಒಡೀಲಿಲ್ಲ ಅಂದ್ರೆ ಅಪಶಕುನ, ಆ ಸಾಮಾನು ಶಾಲೆಯಾಗೆ ಇಡಾಕೆ ನಾನು ಒಪ್ಪಲ್ಲ."

ಸಾಹೇಬರು ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಗಣಿತದ ಮೇಷ್ಟ್ರು, ಹಿಂದೆ ಇಡೀ ಶಾಲೆ. ಪ್ಯಾಂಟು ಹಾಕಿದ ಮಿಸ್ಸನ್ನು ಕಂಡು ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ನಿಂತೆ, ಹಿಡಿದೆ, ಎತ್ತಿದೆ, ಬೀಸಿದೆ. ನಿಂಬೆಹಣ್ಣು ಮಿಸುಕಲಿಲ್ಲ. "ಗಾಳಿ" ಅಂದೆ. ಜಗಳೂರಿನ ಗಾಳಿಯ ಮೇಲೆ ಏನು ಹೇಳಿದರೂ ಜನ ನಂಬುತ್ತಾರೆ. ಎರಡನೆಯ ಸಲ ಒಂದು ಹೆಂಟೆ ಎದ್ದು ಹೋಗಿ ಸಾಹೇಬರ ಬೂಟಿನ ಮೇಲೆ ಕೂತಿತು. ಅವರು ಬೂಟು ಕೊಡವಿಕೊಂಡರು. ಹೆಡ್‌ಮಾಸ್ತರರ ತುಟಿ ಅಲ್ಲಾಡುತ್ತಿತ್ತು, ಯಾವುದೋ ಮಂತ್ರ ಇರಬೇಕು. ಗಣಿತದ ಮೇಷ್ಟ್ರು ಕೈಕಟ್ಟಿ ನಿಂತಿದ್ದರು, ಆ ಕೈಯಲ್ಲಿ ಆಗಲೇ ಸೀಮೆಸುಣ್ಣ ಇದ್ದಂತೆ ನನಗೆ ಕಂಡಿತು. ಒಂಬತ್ತನೇ ಕ್ಲಾಸಿನ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಅವರ ಮುಖ ನೋಡಿ ನನಗೆ ಅಳು ಬಂತು. ಇಷ್ಟು ವರ್ಷ ಕೇಳಿದವರಿಗೆಲ್ಲ ಕೊಟ್ಟೆ. ಇವತ್ತು ಕೊಡುವುದಿಲ್ಲ ಎಂದು ನಿಂತರೂ ಕೈಯಿಂದ ಹೋಗುತ್ತಿದೆಯಲ್ಲ.

ಆಗ ಮೈದಾನದ ಆ ತುದಿಯಿಂದ ಕುರಿ ಕರೆಯುವ ದನಿ ಬಂತು.

"ಮಿಸ್! ಸೆರಗು! ಸೆರಗು ಸಿಕ್ಕಿಸ್ಕೊಳ್ರಿ ಮಿಸ್!"

ಇಡೀ ಶಾಲೆ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ನನ್ನ ಬಲಗೈ ತಾನಾಗಿಯೇ ಬೆನ್ನ ಹಿಂದಕ್ಕೆ ಹೋಯಿತು. ಇಲ್ಲದ ಸೆರಗನ್ನು ಹಿಡಿಯಿತು, ಸುತ್ತಿ ಮುಂದಕ್ಕೆ ತಂದು ನೀಲಿ ಪ್ಯಾಂಟಿನ ಎಲಾಸ್ಟಿಕ್ಕಿಗೆ ಸಿಕ್ಕಿಸಿತು, ಮೇಲೊಂದು ತಟ್ಟು ತಟ್ಟಿತು. ಗ್ಯಾಸು, ನಾದಿನಿ, ಸಾಹೇಬರು ಯಾರೂ ತಲೆಯೊಳಗೆ ಇರಲಿಲ್ಲ. ಬೀಸಿದೆ. ಕೈಗೆ ಏನೂ ಗೊತ್ತಾಗಲಿಲ್ಲ. ನಿಂಬೆಹಣ್ಣು ಒಡೆದು ಚಿಮ್ಮಿ, ಒಂದು ಬೀಜ ಹೆಡ್‌ಮಾಸ್ತರರ ಕನ್ನಡಕಕ್ಕೆ ಅಂಟಿತು. ಅವರು ಅದನ್ನು ತೆಗೆದು ಕಣ್ಣಿಗೊತ್ತಿಕೊಂಡರು.

ಆಮೇಲೆ ಹುಡುಗಿಯರು ಆಡಿದರು. ಸಾಲಾಗಿ ನಿಂತು, ಎಲ್ಲರೂ ಒಟ್ಟಿಗೆ ಸಿಕ್ಕಿಸಿ, ತಟ್ಟಿ, ಬೀಸಿದರು. ಚೆಂಡುಗಳು ಹಕ್ಕಿಯ ಹಿಂಡಿನಂತೆ ಎದ್ದವು. ಸಾಹೇಬರು ನನ್ನನ್ನು ಕರೆದು, "ಅದೇನ್ರೀ, ಎಲ್ಲರೂ ಮೊದಲು ಸೊಂಟಕ್ಕೆ ಕೈ ಹಾಕ್ತಾರೆ?" ಅಂದರು.

"ಅದು ನಮ್ಮ ಶಾಲೆಯ ಪದ್ಧತಿ ಸಾರ್."

ಪದ್ಧತಿ ಎಂದು ಹೇಳಿದರೆ ಸರ್ಕಾರದಲ್ಲಿ ಮುಂದಿನ ಪ್ರಶ್ನೆ ಇರುವುದಿಲ್ಲ. ಅವರು ತಲೆಯಾಡಿಸಿ, ಪಕ್ಕದ ಶಾಲೆಯವರಿಗೂ ಇದನ್ನು ಕಲಿಸಿ ಎಂದು ಹೇಳಿ ಜೀಪು ಹತ್ತಿದರು.

ಸಂಜೆ ಹೆಡ್‌ಮಾಸ್ತರರು ತೀರ್ಪು ಕೊಟ್ಟರು. "ಹುಡುಗೀರು ಚೆಂದ ಆಡಿದ್ರು, ಒಪ್ಪಿದೆ. ಆದ್ರೆ ಹಣ್ಣು ಮೊದಲ ಏಟಿಗೆ ಒಡೀಲಿಲ್ಲ. ಹಂಗಾಗಿ ಶುಕ್ರವಾರದ್ದು ನಿಮ್ಗೆ, ಮಂಗಳವಾರದ್ದು ಗಣಿತಕ್ಕೆ." ವಾದ ಮಾಡಿದೆ, ಮೇಜು ಕುಟ್ಟಿದೆ. ಶಕುನದ ಮುಂದೆ ನನ್ನದೇನೂ ನಡೆಯಲಿಲ್ಲ.

ಮುಂದಿನ ಮಂಗಳವಾರ ಆ ಅವಧಿಯಲ್ಲಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತಿದ್ದೆ, ಮತ್ತೆ ಸೀರೆಯಲ್ಲಿ. ಕಿಟಕಿಯಾಚೆ ಮೈದಾನದಲ್ಲಿ ಕುರಿಗಳು ನಿರ್ಭಯವಾಗಿ ಮೇಯುತ್ತಿದ್ದವು. ಅವನ್ನು ನೋಡಿ ಬೇಸರವಾಯಿತು. ಬೆಲ್ ಆದ ಮೇಲೆ ಗಣಿತದ ಮೇಷ್ಟ್ರು ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲಿಟ್ಟರು.

"ಮೇಡಂ, ನಿಮ್ಮ ಹುಡುಗೀರನ್ನ ಲೆಕ್ಕ ಮಾಡಾಕೆ ಬೋರ್ಡಿಗೆ ಕರೆದ್ರೆ, ಸೀಮೆಸುಣ್ಣ ಮುಟ್ಟೋ ಮುಂಚೆ ಒಬ್ಬೊಬ್ಬಳೂ ಸೊಂಟದಾಗೆ ಏನೋ ಸಿಕ್ಕಿಸ್ಕೊಂತಾಳೆ. ಮೇಲೆ ತಟ್ಟಿಕೊಂತಾಳೆ. ಅದೇನ್ರೀ?"

"ಲೆಕ್ಕ ಸರಿ ಮಾಡ್ತಾರಾ ಸಾರ್?"

"ಅದೇ ನೋಡ್ರಿ. ಹೆದರಿಕೆ ಇಲ್ದಂಗೆ ಮಾಡ್ತಾರೆ. ಕೆಲವು ಸರಿಯಾಗೂ ಬರ್ತವೆ."

"ಅದು ನಮ್ಮ ಮಂಗಳವಾರದ ಆಟದ ಕ್ಲಾಸು ಸಾರ್" ಅಂದೆ. "ನೀವು ತಗೊಂಡ್ರಲ್ಲ, ಅದರ ಜೊತೆಗೇ ಬಂದೈತೆ."

ಅವರು ಡಸ್ಟರ್ ಎತ್ತಿಕೊಂಡು ಮುಂದಿನ ಕ್ಲಾಸಿಗೆ ಹೋದರು. ನಾನು ಎದ್ದು ಸೆರಗು ಸಿಕ್ಕಿಸಿಕೊಂಡು, ಶುಕ್ರವಾರಕ್ಕೆಂದು ಕೋಲುಗಳ ಮೇಲಿನ ವಿಭೂತಿ ಒರೆಸುತ್ತ ಕುಳಿತೆ.